ರ‍್ಯಾಮ್ ನುಂಗುತ್ತಿದ್ದದ್ದು ಬ್ರೌಸರ್ ಅಲ್ಲ

ದಾವಣಗೆರೆಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಹಳೇ ಡೆಸ್ಕ್‌ಟಾಪ್, 4 ಜಿಬಿ ಡಿಡಿಆರ್3 ರ‍್ಯಾಮ್, ಹಾರ್ಡ್ ಡಿಸ್ಕ್, ಡೆಬಿಯನ್ ಎಂಬ ಲಿನಕ್ಸ್. ಅದನ್ನು 12ನೇ ಆವೃತ್ತಿಯಿಂದ 13ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ಕಾಟ ಶುರುವಾಯಿತು. ರಾತ್ರಿ ಆಫ್ ಮಾಡದೆ ಸಸ್ಪೆಂಡ್ ಮಾಡಿ ಹೋಗುವುದು ನನ್ನ ರೂಢಿ. ಎರಡು ದಿನ ಚೆನ್ನಾಗಿ ಓಡುತ್ತಿತ್ತು. ಮೂರನೇ ದಿನ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ತುಂಬಿ ಮೌಸ್ ಕೂಡ ಅಲ್ಲಾಡುತ್ತಿರಲಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ.

ರಿಪೇರಿ ಹುಡುಗ ಬಂದು ನೋಡಿ, "ಬೋರ್ಡ್ ಹೋಗೇತಿ ಅಣ್ಣಾ, ಹೊಸದು ತಗೊಳ್ರಿ" ಅಂದ. ಬಂದಿದ್ದಕ್ಕೆ 300 ರೂಪಾಯಿ. ನಮ್ಮ ಭಾವ ಬ್ರೌಸರ್ ಮೇಲೆ ಗೂಬೆ ಕೂರಿಸಿದರು. ನಾನು ಸುಮ್ನೆ ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೊಂದು 4 ಜಿಬಿ ರ‍್ಯಾಮ್ ಕಡ್ಡಿ ತಂದು ಹಾಕಿದೆ, 700 ಚಿಲ್ಲರೆ. ನಾಲ್ಕು ದಿನ ಹಾಯಾಗಿತ್ತು. ಐದನೇ ದಿನ ಅದೇ ರಾಗ. ಅದೂ ಪ್ರಾಜೆಕ್ಟ್ ರಿಪೋರ್ಟ್ ಸೀಸನ್ನಲ್ಲಿ, ಹೊರಗೆ ಇಂಜಿನಿಯರಿಂಗ್ ಹುಡುಗರು ಸಾಲುಗಟ್ಟಿ ನಿಂತಾಗ. ಅರ್ಧ ದಿನದ ವ್ಯಾಪಾರ ಹೋಯಿತು.

ಸ್ವಾಪ್ ಎಷ್ಟು ಬೇಗ ಬಳಸಬೇಕು ಎನ್ನುವ ಸ್ವಾಪಿನೆಸ್ ಸೆಟ್ಟಿಂಗ್ 60ರಿಂದ 10ಕ್ಕೆ ಇಳಿಸಿದೆ. ಏನೂ ಬದಲಾಗಲಿಲ್ಲ. ರ‍್ಯಾಮ್‌ನಲ್ಲೇ ಡೇಟಾ ಕುಗ್ಗಿಸಿಡುವ ಜೆಡ್‌ರ‍್ಯಾಮ್ ಹಾಕಿದೆ, ಅದು ಒಂದು ದಿನ ಜಾಸ್ತಿ ಎಳೆಯಿತು ಅಷ್ಟೇ. ಕ್ಯಾಷ್ (ವೇಗಕ್ಕೆಂದು ರ‍್ಯಾಮ್‌ನಲ್ಲಿ ಇಟ್ಟುಕೊಂಡ ಡೇಟಾ) ಖಾಲಿ ಮಾಡುವ ಕಮಾಂಡನ್ನು ಗಂಟೆಗೊಮ್ಮೆ ಓಡಿಸಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಮಾಡಿ ನೋಡಿದೆ, ಇದ್ದ ವೇಗವೂ ಹೋಯಿತು.

ಟಾಪ್ ಕಮಾಂಡ್‌ನಲ್ಲಿ ಓಡುತ್ತಿರುವ ಎಲ್ಲ ಪ್ರೊಸೆಸ್ ಕೂಡಿಸಿದರೂ 3 ಜಿಬಿ ದಾಟಲಿಲ್ಲ. ಉಳಿದದ್ದು ಎಲ್ಲಿ? ಒಂದು ರಾತ್ರಿ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಬಿಚ್ಚಿಕೊಂಡು ರ‍್ಯಾಮ್ ಲೆಕ್ಕ ತೋರಿಸುವ ಫ್ರೀ ಕಮಾಂಡ್ ನೋಡುತ್ತಾ ಕೂತೆ. ಶೇರ್ಡ್ ಕಾಲಂನಲ್ಲಿ 3 ಜಿಬಿ ಚಿಲ್ಲರೆ! ನಾವ್ಯಾರೂ ಆ ಕಾಲಂ ನೋಡುವುದೇ ಇಲ್ಲ, ಅಲ್ವಾ? ತಾತ್ಕಾಲಿಕ ಫೈಲುಗಳ ಟಿಎಂಪಿ ಫೋಲ್ಡರ್ ತೆಗೆದರೆ ಹಳೇ ಸ್ಕ್ಯಾನ್ ಪುಟಗಳ ರಾಶಿ. ಹಳೇ ಪಹಣಿ, ಕ್ರಯಪತ್ರ ಎಲ್ಲ ನಾನು 600 ಡಿಪಿಐ (ಇಂಚಿಗೆ 600 ಚುಕ್ಕಿ) ಕಲರ್‌ನಲ್ಲೇ ಸ್ಕ್ಯಾನ್ ಮಾಡುತ್ತಿದ್ದೆ. ಒಂದು ಎ4 ಪುಟಕ್ಕೆ ಸುಮಾರು 100 ಎಂಬಿ. ಸ್ಕ್ಯಾನ್ ಸಾಫ್ಟ್‌ವೇರ್ ಹ್ಯಾಂಗ್ ಆದಾಗ ಕಿಲ್ ಮಾಡುತ್ತಿದ್ದೆ, ಪುಟಗಳು ಅಲ್ಲೇ ಕೊಳೆಯುತ್ತಿದ್ದವು.

ಡೆಬಿಯನ್ 13ರಲ್ಲಿ ಟಿಎಂಪಿ ಇರುವುದು ಡಿಸ್ಕ್‌ನಲ್ಲಲ್ಲ, ರ‍್ಯಾಮ್‌ನಲ್ಲಿ. ಶೇರ್ಡ್ ಕಾಲಂನಲ್ಲಿ ಕಂಡದ್ದು ಅದೇ. ಅದರ ಮಿತಿ ರ‍್ಯಾಮ್‌ನ ಅರ್ಧ. ಡೆಬಿಯನ್ 13 ಹೊಸದಾಗಿ ಹಾಕಿದರೆ 10 ದಿನ ಬಳಸದ ಫೈಲನ್ನು ತಾನೇ ಗುಡಿಸುತ್ತದೆ, ಅಪ್‌ಗ್ರೇಡ್ ಮಾಡಿದವರಿಗೆ ಅದೂ ಇಲ್ಲ. ನಾನು ರ‍್ಯಾಮ್ ಡಬಲ್ ಮಾಡಿದೆ, ಕಸದ ಬುಟ್ಟಿಯೂ ಡಬಲ್ ಆಯಿತು! ಮೊದಲೇ ಸುಳಿವಿತ್ತು. ಡಿಸ್ಕ್‌ನಲ್ಲಿ 60 ಜಿಬಿ ಖಾಲಿ ಇದ್ದರೂ ಒಮ್ಮೊಮ್ಮೆ ಜಾಗವಿಲ್ಲ ಎಂದು ಸ್ಕ್ಯಾನ್ ನಿಲ್ಲುತ್ತಿತ್ತು. ನಾನೇ ಗಮನ ಕೊಡಲಿಲ್ಲ.

ಸಿಸ್ಟಮ್‌ಸಿಟಿಎಲ್‌ನಲ್ಲಿ ಟಿಎಂಪಿಯನ್ನು ರ‍್ಯಾಮ್‌ಗೆ ಕೂರಿಸುವ ಟಿಎಂಪಿ ಡಾಟ್ ಮೌಂಟ್ ಮಾಸ್ಕ್ ಮಾಡಿ, ಅಂದರೆ ಮತ್ತೆ ಶುರುವಾಗದಂತೆ ಬಂದ್ ಮಾಡಿ, ರೀಬೂಟ್ ಮಾಡಿದೆ. ಟಿಎಂಪಿ ಡಿಸ್ಕ್‌ಗೆ ವಾಪಸ್. ಸ್ಕ್ಯಾನ್ 300 ಡಿಪಿಐಗೆ ಇಳಿಸಿದೆ, ಪುಟದ ತೂಕ ಕಾಲು ಭಾಗ. ಪುಟ ಬಂದ ಹಾಗೇ ಕುಗ್ಗಿಸಿ ಹಳೆಯದನ್ನು ಅಳಿಸುವ ಚಿಕ್ಕ ಸ್ಕ್ರಿಪ್ಟ್ ಒಂದಿದೆ. ಅದನ್ನು ಇಲ್ಲಿ ಹಾಕಲ್ಲ, ಅಂಗಡಿ ಗುಟ್ಟು. ಮೂರು ವಾರದಿಂದ ಸ್ವಾಪ್ 200 ಎಂಬಿ ಮೀರಿಲ್ಲ. ಭಾವ ಈಗ ತಮ್ಮ ಕಂಪ್ಯೂಟರ್ ಹೊತ್ತು ತಂದು ನನ್ನ ಮುಂದಿಟ್ಟಿದ್ದಾರೆ.

ರ‍್ಯಾಮ್ ಕಡ್ಡಿ ವಾಪಸ್ ಕೊಡಲು ಹೋದರೆ ಮಾರಿದವನು 250 ಕೊಡ್ತೀನಿ ಅಂದ. ಇರಲಿ ಬಿಡು ಎಂದು ಮತ್ತೆ ತಂದು ಸಿಕ್ಕಿಸಿದೆ.