ಹೊರಗಿನವರು ಆಡಲು ಬಂದಾಗ: ಗಾಲ್ಫ್ ಕ್ಲಬ್ಬಿನಲ್ಲಿ ನಾನು ರೂಢಿಸಿಕೊಂಡ ಕ್ರಮ

ಗಾಲ್ಫ್ ಕ್ಲಬ್ಬಿಗೆ ಮೊದಲ ಸಲ ಬರುವವರಿಗೆ ಆಟಕ್ಕಿಂತ ಬೇರೆ ಚಿಂತೆಗಳೇ ಜಾಸ್ತಿ. ಕಾರು ಎಲ್ಲಿ ನಿಲ್ಲಿಸಬೇಕು, ಬ್ಯಾಗ್ ಯಾರ ಕೈಗೆ ಕೊಡಬೇಕು, ಶೂ ಎಲ್ಲಿ ಬದಲಿಸಬೇಕು, ಹಣ ಎಲ್ಲಿ ಕಟ್ಟಬೇಕು, ಹಾಕಿಕೊಂಡ ಬಟ್ಟೆ ನೋಡಿ ಯಾರಾದರೂ ಗದರುತ್ತಾರೋ ಏನೋ. ಈ ಅಳುಕು ಹೋಗದಿದ್ದರೆ ಎಷ್ಟು ನಗುನಗುತ್ತಾ ಮಾತಾಡಿಸಿದರೂ ಅವರಿಗೆ ತಟ್ಟುವುದಿಲ್ಲ. ಹಾಗಾಗಿ ಅತಿಥಿಗಳ ಹೊಣೆ ಹೊತ್ತವನಾಗಿ ನಾನು ಮುಕ್ಕಾಲು ಪಾಲು ಕೆಲಸವನ್ನು ಅವರು ಗೇಟಿಗೆ ಬರುವ ಮೊದಲೇ ಮುಗಿಸಿಡುತ್ತೇನೆ.

ಬುಕಿಂಗ್ ಫೋನಿನಲ್ಲಿ ಹೆಸರು, ಎಷ್ಟು ಜನ ಎಂಬುದರ ಜೊತೆ ಇನ್ನೂ ಮೂರು ವಿಷಯ ಕೇಳಿಕೊಳ್ಳುತ್ತೇವೆ: ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಧಿಕೃತ ಸಂಖ್ಯೆ) ಇದೆಯೇ ಅಥವಾ ಹೊಸದಾಗಿ ಆಡುತ್ತಿದ್ದಾರೆಯೇ, ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲುಗಳ ಸೆಟ್ ಸ್ವಂತದ್ದೋ ಬಾಡಿಗೆಗೆ ಬೇಕೋ, ನಡೆದು ಆಡುತ್ತಾರೋ ಬಗ್ಗಿ (ಮೈದಾನದಲ್ಲಿ ಓಡಾಡುವ ಪುಟ್ಟ ಗಾಡಿ) ಬೇಕೋ. ಬಾಡಿಗೆ ಸೆಟ್ ಎಂದ ಕೂಡಲೇ ಎಡಗೈಯೋ ಬಲಗೈಯೋ ಎಂದು ಕೇಳಲೇಬೇಕು. ಬಲಗೈ ಸೆಟ್ ಹಿಡಿದು ನಿಂತ ಎಡಗೈ ಆಟಗಾರನಿಗೆ ಕೊನೇ ಗಳಿಗೆಯಲ್ಲಿ ಯಾವ ಸಮಾಧಾನವನ್ನೂ ಹೇಳಲಾಗುವುದಿಲ್ಲ. ಗ್ರೀನ್ ಫೀ (ಮೈದಾನದಲ್ಲಿ ಆಡುವ ಶುಲ್ಕ), ಬಗ್ಗಿ ಅಥವಾ ಟ್ರಾಲಿ, ಕ್ಯಾಡಿ (ಬ್ಯಾಗ್ ಹೊರುವ ಸಹಾಯಕ) ಫೀ ಎಲ್ಲ ಸೇರಿ ಒಟ್ಟು ಎಷ್ಟು ಎಂಬುದನ್ನೂ ಆಗಲೇ ಹೇಳಿಬಿಡುತ್ತೇವೆ. ಕೌಂಟರಿಗೆ ಬಂದ ಮೇಲೆ ಹೊಸ ಮೊತ್ತವೊಂದು ಹುಟ್ಟಿಕೊಳ್ಳಬಾರದು.

ಮೈದಾನದ ಸ್ಥಿತಿಯನ್ನು ಮುಚ್ಚಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಗ್ರೀನ್‌ಗಳಿಗೆ (ಗುಳಿಯ ಸುತ್ತಲಿನ ನುಣುಪು ಹುಲ್ಲು) ತೂತು ಹೊಡೆದು ಮರಳು ತುಂಬಿಸಿದ್ದರೆ, ಯಾವುದಾದರೂ ಹೋಲ್‌ನಲ್ಲಿ (ಮೈದಾನದ 18 ಆಟದ ಭಾಗಗಳಲ್ಲಿ ಒಂದು) ತಾತ್ಕಾಲಿಕ ಗ್ರೀನ್ ಇದ್ದರೆ, ಮಳೆಯಿಂದಾಗಿ ಬಗ್ಗಿ ದಾರಿ ಬಿಟ್ಟು ಇಳಿಯುವಂತಿಲ್ಲವಾದರೆ, ಅದನ್ನು ಬುಕಿಂಗ್‌ನಲ್ಲೇ ಹೇಳಿ, ಬೇಕಿದ್ದರೆ ದಿನ ಬದಲಿಸಿಕೊಳ್ಳಿ ಎನ್ನುತ್ತೇವೆ. ಪೂರ್ತಿ ಹಣ ಕಟ್ಟಿ ಮೊದಲ ಗ್ರೀನಿನಲ್ಲಿ ಪುಟ್ಟರ್ (ಚೆಂಡನ್ನು ಗುಳಿಗೆ ಉರುಳಿಸುವ ಕ್ಲಬ್) ಹಿಡಿದಾಗ ಮರಳು ಕಂಡವರು ಉಳಿದ 17 ಹೋಲ್‌ಗಳನ್ನು ಸಿಟ್ಟಿನಲ್ಲೇ ಆಡುತ್ತಾರೆ.

ಹಿಂದಿನ ದಿನ ಒಂದು ಸಂದೇಶ ಹೋಗುತ್ತದೆ: ಟೀ ಟೈಮ್ (ಆಟ ಶುರುಮಾಡುವ ಸಮಯ), 40 ನಿಮಿಷ ಮೊದಲೇ ಬನ್ನಿ ಎಂಬ ಮಾತು, ನಕ್ಷೆಯ ಗುರುತು, ಬಟ್ಟೆಯ ವಿಷಯ. ಬಟ್ಟೆಯ ಬಗ್ಗೆ ಏನು ನಡೆಯುತ್ತದೆ ಎಂದು ಬರೆಯಬೇಕು, ಏನು ನಡೆಯುವುದಿಲ್ಲ ಎಂದಲ್ಲ. 'ಕಾಲರ್ ಇರುವ ಅಂಗಿ, ಪ್ಯಾಂಟ್ ಅಥವಾ ಮಂಡಿಯವರೆಗಿನ ಚಡ್ಡಿ, ಸಾಫ್ಟ್ ಸ್ಪೈಕ್ ಶೂ' ಅಂದರೆ ಸಾಕು. ಆದರೂ ಮರೆತು ಬರುವವರು ಇದ್ದೇ ಇರುತ್ತಾರೆ. ಅವರಿಗೆಂದು ಕೌಂಟರಿನ ಹಿಂದೆ ಎರಡು ಮೂರು ಅಳತೆಯ ಅಂಗಿಗಳು, ಒಂದು ಡಬ್ಬಿ ಸಾಫ್ಟ್ ಸ್ಪೈಕ್ (ಶೂ ಅಡಿಯ ಮೆತ್ತನೆ ಮೊಳೆ), ಅದನ್ನು ತಿರುಗಿಸುವ ಕೀಲಿ ಇಟ್ಟಿರುತ್ತೇವೆ. ಬದಲಿಸಿಕೊಳ್ಳಿ ಎಂದು ಹೇಳಿ ವಾಪಸ್ ಕಳಿಸುವುದಕ್ಕಿಂತ ಇದು ಅಗ್ಗ. ಗೇಟಿನಲ್ಲಿ 'ಸುಸ್ವಾಗತ' ಅಂತ ಬೋರ್ಡ್ ಹಾಕಿ, ಅದರ ಕೆಳಗೆ 'ನಿಷೇಧಿಸಲಾಗಿದೆ' ಎಂಬ ಆರು ಸಾಲು ಬರೆಸುವ ಕ್ಲಬ್‌ಗಳೂ ಇವೆ. ಓದುವವರ ಕಣ್ಣು ನಿಲ್ಲುವುದು ಆ ಆರು ಸಾಲಿನ ಮೇಲೆ.

ಬ್ಯಾಗ್ ಇಳಿಸುವ ಜಾಗದಲ್ಲಿ ನಿಲ್ಲುವವನ ಕೈಯಲ್ಲಿ ಆ ದಿನದ ಟೀ ಶೀಟ್, ಅಂದರೆ ಯಾರು ಎಷ್ಟು ಹೊತ್ತಿಗೆ ಆಡುತ್ತಾರೆ ಎಂಬ ಪಟ್ಟಿ ಇರಬೇಕು. ಹೆಸರು ಹಿಡಿದು 'ಬನ್ನಿ ಸರ್, ಬನ್ನಿ ಮೇಡಂ' ಎಂದು ಕರೆದು, ಬ್ಯಾಗಿಗೆ ಹೆಸರು ಮತ್ತು ಸಮಯ ಬರೆದ ಚೀಟಿ ಕಟ್ಟಿ, ಎದುರಿಗೇ ಕ್ಲಬ್‌ಗಳನ್ನು ಎಣಿಸಿ ಚೀಟಿಯಲ್ಲಿ ಬರೆಯಬೇಕು. ನಿಯಮದ ಪ್ರಕಾರ 14ಕ್ಕಿಂತ ಹೆಚ್ಚು ಇರುವಂತಿಲ್ಲ; 15 ಕಂಡರೆ ಮೆಲ್ಲಗೆ ಹೇಳಿದರಾಯಿತು. ಈ ಎಣಿಕೆಯಿಂದ ಇನ್ನೊಂದು ಉಪಯೋಗವಿದೆ, ಆಟ ಮುಗಿದ ಮೇಲೆ 'ನನ್ನ ವೆಜ್ ಎಲ್ಲಿ' (ಹತ್ತಿರದ ಹೊಡೆತಕ್ಕೆ ಬಳಸುವ ಕ್ಲಬ್) ಎಂಬ ಜಗಳ ಏಳುವುದಿಲ್ಲ. ಅಲ್ಲಿ ನಿಂತವನು ಮೂರೇ ಮಾತು ಹೇಳಿದರೆ ಸಾಕು: ಹಣ ಕಟ್ಟುವುದು ಎಲ್ಲಿ, ಬಟ್ಟೆ ಬದಲಿಸುವುದು ಎಲ್ಲಿ, ಬ್ಯಾಗ್ ಮತ್ತೆ ಸಿಗುವುದು ಎಲ್ಲಿ.

ಯಾವ ಟೀಯಿಂದ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ) ಆಡುವುದು ಎಂಬುದರ ಮೇಲೆ ಇಡೀ ದಿನ ನಿಂತಿರುತ್ತದೆ. 'ಯಾವ ಟೀ ಸರ್?' ಎಂದು ನಾಲ್ವರ ಎದುರು ಕೇಳಿದರೆ ಹೆಚ್ಚಿನ ಗಂಡಸರು ಮರ್ಯಾದೆಗಾಗಿ ಹಿಂದಿನ (ಅತಿ ದೂರದ) ಟೀ ಎನ್ನುತ್ತಾರೆ. 'ನಿಮ್ಮ ಡ್ರೈವರ್ (ಅತಿ ಉದ್ದ ಹೊಡೆಯುವ ಕ್ಲಬ್) ಹೊಡೆತ ಸಾಮಾನ್ಯವಾಗಿ ಎಷ್ಟು ದೂರ ಹೋಗಿ ನಿಲ್ಲುತ್ತದೆ?' ಎಂದು ಕೇಳಿದರೆ ನಿಜ ಹೊರಬೀಳುತ್ತದೆ. 200 ಗಜ ಹೊಡೆಯುವವರಿಗೆ 18 ಹೋಲ್ ಸೇರಿ ಒಟ್ಟು 5200ರಿಂದ 5400 ಗಜದ ಉದ್ದ, 225 ಗಜದವರಿಗೆ 5800ರಿಂದ 6000, 250 ಗಜದವರಿಗೆ 6200ರಿಂದ 6400 ಹೊಂದುತ್ತದೆ. ಇದಕ್ಕಿಂತ ಹಿಂದೆ ನಿಂತರೆ ಪಾರ್ 4ರ (ನಾಲ್ಕು ಹೊಡೆತಕ್ಕೆ ಮುಗಿಯಬೇಕಾದ ಹೋಲ್) ಗ್ರೀನನ್ನು ಎರಡನೇ ಹೊಡೆತಕ್ಕೆ ತಲುಪಲಾಗದೆ ಅವರೂ ಸೋಲುತ್ತಾರೆ, ಹಿಂದಿನ ಗುಂಪೂ ಕಾಯುತ್ತದೆ. ಟೀಗಳನ್ನು ಬಣ್ಣದಿಂದಷ್ಟೇ ಕರೆಯಿರಿ. ಮುಂದಿನ ಟೀಯನ್ನು 'ಹೆಂಗಸರ ಟೀ' ಅಂದುಬಿಟ್ಟರೆ ಅಲ್ಲಿಂದ ಆಡಬೇಕಾದ ಗಂಡಸರು ಯಾರೂ ಆ ಕಡೆ ಸುಳಿಯುವುದಿಲ್ಲ.

ಹ್ಯಾಂಡಿಕ್ಯಾಪ್ ಇರುವವರಿಗೆ ನಮ್ಮ ಕೋರ್ಸಿನ ಲೆಕ್ಕ ಹಾಕಿಕೊಡುವುದು ಸಣ್ಣ ಕೆಲಸ, ಆದರೆ ಅವರಿಗೆ ತುಂಬ ಹಿಡಿಸುತ್ತದೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಇಂಡೆಕ್ಸನ್ನು (ಆಟಗಾರನ ಹ್ಯಾಂಡಿಕ್ಯಾಪ್ ಸಂಖ್ಯೆ) ಆ ಟೀಯ ಸ್ಲೋಪ್‌ನಿಂದ (ಸಾಮಾನ್ಯ ಆಟಗಾರನಿಗೆ ಎಷ್ಟು ಕಷ್ಟ ಎಂಬ ಅಂಕ) ಗುಣಿಸಿ 113ರಿಂದ ಭಾಗಿಸಿ, ಕೋರ್ಸ್ ರೇಟಿಂಗ್‌ನಲ್ಲಿ (ನುರಿತ ಆಟಗಾರನಿಗೆ ಬೇಕಾಗುವ ಹೊಡೆತಗಳ ಅಂದಾಜು) ಪಾರ್ ಕಳೆದು ಬಂದದ್ದನ್ನು ಸೇರಿಸುತ್ತಾರೆ. ಇಂಡೆಕ್ಸ್ 18.0, ಸ್ಲೋಪ್ 130, ರೇಟಿಂಗ್ 71.2, ಪಾರ್ 72 ಆದರೆ 20.7ರಲ್ಲಿ 0.8 ಕಳೆದು 19.9, ಅಂದರೆ 20 ಹೊಡೆತದ ರಿಯಾಯಿತಿ. ಪ್ರತಿ ಟೀಗೂ ಇದರ ಪಟ್ಟಿಯೊಂದನ್ನು ಕೌಂಟರಿನ ಗಾಜಿನ ಕೆಳಗೆ ಇಟ್ಟಿದ್ದೇವೆ. ಬೆರಳಿಟ್ಟು ನೋಡಿ ಸ್ಕೋರ್ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಡುವುದಷ್ಟೇ.

ಮೊದಲ ಟೀಯಲ್ಲಿ ಸ್ಟಾರ್ಟರ್ (ಗುಂಪುಗಳನ್ನು ಆಟಕ್ಕೆ ಬಿಡುವವನು) ಮಾತು ಒಂದೂವರೆ ನಿಮಿಷ ಮೀರಬಾರದು. ಆ ದಿನದ ಪಿನ್ (ಗುಳಿಯ ಬಾವುಟ) ಎಲ್ಲಿ, ಗ್ರೀನ್ ಎಷ್ಟು ವೇಗ, ಗುರಿ ಕಣ್ಣಿಗೆ ಕಾಣದ ಹೊಡೆತ ಯಾವ ಹೋಲ್‌ನಲ್ಲಿ ಮತ್ತು ಅಲ್ಲಿ ಯಾವ ಗುರುತಿನ ಕಡೆ ಹೊಡೆಯಬೇಕು, ಒಂದು ಗ್ರೀನಿನಿಂದ ಮುಂದಿನ ಟೀಗೆ ಹೋಗುವ ದಾರಿ ಎಲ್ಲಿ ತಪ್ಪುತ್ತದೆ, ಕುಡಿಯುವ ನೀರು ಮತ್ತು ಶೌಚಾಲಯ ಎಲ್ಲಿ. ಸಿಡಿಲಿನ ಸೈರನ್ ಬಗ್ಗೆ ಮಾತ್ರ ಮರೆಯದೆ ಹೇಳಬೇಕು: ಒಂದೇ ಉದ್ದನೆಯ ಸದ್ದು ಅಂದರೆ ಆ ಕ್ಷಣವೇ ಆಟ ನಿಲ್ಲಿಸಿ, ಮೂರು ಸಲ ಕೂಗಿದರೆ ಹಿಡಿದ ಹೋಲ್ ಮುಗಿಸಬಹುದು, ಎರಡು ಚಿಕ್ಕ ಸದ್ದು ಅಂದರೆ ಮತ್ತೆ ಶುರು. ಲೋಕಲ್ ರೂಲ್ಸನ್ನು ಓದಿ ಹೇಳುವ ಅಗತ್ಯವಿಲ್ಲ, ಕಾರ್ಡಿನ ಹಿಂದೆ ಇರುತ್ತದೆ. ಇಷ್ಟು ಹೇಳಿ ಸ್ಟಾರ್ಟರ್ ಪಕ್ಕಕ್ಕೆ, ಆಟಗಾರನ ಕಣ್ಣಂಚಿಗೂ ಬೀಳದಂತೆ ಸರಿದು ನಿಲ್ಲಬೇಕು. ಮುಂದಿನ ಗುಂಪನ್ನು ಪುಟ್ಟಿಂಗ್ ಗ್ರೀನಿನ ಹತ್ತಿರವೇ ತಡೆಯಬೇಕು. ಅತಿಥಿಯ ಮೊದಲ ಹೊಡೆತವನ್ನು ಸದಸ್ಯರ ಗುಂಪೊಂದು ನಿಂತು ನೋಡುತ್ತಿದ್ದರೆ ಚೆಂಡು ಎತ್ತ ಹೋಗುತ್ತದೆ ಎಂದು ಹೇಳಬೇಕಿಲ್ಲ. ಹಾಗೆ ಹೋದರೂ ಸ್ಟಾರ್ಟರ್ ಬಾಯಿಂದ ಒಂದು ಮಾತೂ ಬರಬಾರದು. 'ಪರವಾಗಿಲ್ಲ ಸರ್' ಕೂಡ.

ಒಬ್ಬರೇ ಬಂದವರನ್ನು ಸದಸ್ಯರ ಜೊತೆ ಸೇರಿಸುವುದಾದರೆ ಸದಸ್ಯರನ್ನು ಮೊದಲು, ಅತಿಥಿ ಇಲ್ಲದಾಗ ಕೇಳಬೇಕು. ಎದುರಿಗೇ ಕೇಳಿದರೆ ಅವರು ಒಲ್ಲೆ ಎನ್ನಲಾರದೆ ಒಪ್ಪಿ, 18 ಹೋಲೂ ಮುಖ ಗಂಟಿಕ್ಕಿಕೊಂಡಿರುತ್ತಾರೆ. ಪಂದ್ಯ ಕಟ್ಟಿ ಆಡುವ ಗುಂಪಿಗೆ ಹೊಸಬರನ್ನು ಹಾಕಲೇಬಾರದು. ಕ್ಯಾಡಿ ಮಾಸ್ಟರ್‌ಗೂ ಅತಿಥಿಯ ಆಟ ಯಾವ ಮಟ್ಟದ್ದು ಎಂದು ತಿಳಿಸುತ್ತೇವೆ. ಹೊಸಬರ ಜೊತೆ ಹೋಗುವ ಕ್ಯಾಡಿ ಗ್ರೀನಿನ ವಾಲು ಹೇಳಲಿ, ದೂರ ಹೇಳಲಿ. ಕೇಳದ ಹೊರತು ಸ್ವಿಂಗ್ ಕಲಿಸಲು ಹೋಗಬಾರದು.

ಟೀ ಟೈಮ್‌ಗಳ ನಡುವೆ 8 ನಿಮಿಷದ ಅಂತರ ಇಟ್ಟು ಹೆಚ್ಚು ಗುಂಪು ಹತ್ತಿಸುವ ಆಸೆ ಎಲ್ಲರಿಗೂ ಬರುತ್ತದೆ. ನಾಲ್ವರು ಒಂದು ಪಾರ್ 3 ಮುಗಿಸಿ ಗ್ರೀನ್ ಬಿಡಲು 10 ನಿಮಿಷಕ್ಕೆ ಕಡಿಮೆ ಆಗುವುದು ಅಪರೂಪ, ಅಲ್ಲಿಯವರೆಗೆ ಹಿಂದಿನವರು ಹೊಡೆಯುವಂತಿಲ್ಲ. ಹಾಗಾಗಿ ಮೊದಲ ಪಾರ್ 3ರಲ್ಲೇ ಸಾಲು ಕಟ್ಟುತ್ತದೆ, ದೂರು ಮಾತ್ರ ಜಾಗ ಗೊತ್ತಿಲ್ಲದ ಅತಿಥಿಯ ತಲೆಗೆ ಬರುತ್ತದೆ. ನಮ್ಮ ಅಂತರ 10 ನಿಮಿಷ, ಅತಿಥಿಗಳು ಹೆಚ್ಚಿರುವ ದಿನ ಗಂಟೆಗೊಂದು ಸ್ಲಾಟ್ ಖಾಲಿ. ಗುಂಪು ಹಿಂದೆ ಬಿದ್ದರೆ ಮಾರ್ಷಲ್ (ಆಟದ ವೇಗ ನೋಡಿಕೊಳ್ಳುವವನು) ಗಡಿಯಾರ ತೋರಿಸುವುದಿಲ್ಲ. ಮೊದಲು ಚೆಂಡು ಹುಡುಕಲು ಕೈಜೋಡಿಸುತ್ತಾನೆ (ಹುಡುಕಲು ನಿಯಮ ಕೊಡುವುದು 3 ನಿಮಿಷ), ಬಂಕರ್ (ಮರಳು ಗುಂಡಿ) ಕೆರೆದುಕೊಡುತ್ತಾನೆ, ಆಮೇಲೆ ಮುಂದಿನ ಗುಂಪು ಎಲ್ಲಿದೆ ಎಂದು ತೋರಿಸಿ, ಸಿದ್ಧವಿದ್ದವರು ಮೊದಲು ಹೊಡೆಯಿರಿ ಎನ್ನುತ್ತಾನೆ. ನೆಟ್ ಡಬಲ್ ಬೋಗಿ (ಪಾರ್‌ಗೆ ಎರಡು ಹೊಡೆತ ಮತ್ತು ಆ ಹೋಲ್‌ನ ರಿಯಾಯಿತಿ ಹೊಡೆತ ಸೇರಿದ ಲೆಕ್ಕ) ದಾಟಿದವರು ಚೆಂಡೆತ್ತಿಕೊಂಡರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ನಷ್ಟವಿಲ್ಲ ಎಂಬುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ, ಅದನ್ನೂ ಹೇಳುತ್ತಾನೆ. ಸದಸ್ಯರು ನೇರವಾಗಿ ಅತಿಥಿಗೆ ಬುದ್ಧಿ ಹೇಳುವಂತಿಲ್ಲ. ಏನಿದ್ದರೂ ಮಾರ್ಷಲ್‌ಗೆ ಫೋನ್. ಸದಸ್ಯರ ಸಿಡುಕಿಗೂ ಕಾರಣ ಇಲ್ಲದಿಲ್ಲ, ತಮ್ಮ ಸಮಯ ಹೋಯಿತು ಎಂಬುದೇ ಅದರ ಮೂಲ. ಅತಿಥಿಗಳಿಗೆ ಕೊಟ್ಟ ಸಮಯವನ್ನು ಒಂದು ವಾರ ಮೊದಲೇ ನೋಟಿಸ್ ಬೋರ್ಡಿಗೆ ಹಾಕಿದರೆ ಅರ್ಧ ತಣ್ಣಗಾಗುತ್ತದೆ.

ಆಟ ಮುಗಿಸಿ ಬಂದವರ ಕ್ಲಬ್ ಒರೆಸಿ, ಚೀಟಿ ನೋಡಿ ಎಣಿಸಿ ಕೊಡುವಾಗ 'ಹೇಗಿತ್ತು?' ಎಂದು ಕೇಳುವುದಿಲ್ಲ, ಎಲ್ಲರೂ 'ಚೆನ್ನಾಗಿತ್ತು' ಎನ್ನುತ್ತಾರೆ. 'ಎಲ್ಲಾದರೂ ದಾರಿ ಗೊತ್ತಾಗಲಿಲ್ಲವೇ?' ಎಂದು ಕೇಳಿ, ಬಂದ ಉತ್ತರವನ್ನು ಟೀ ಶೀಟಿನ ಅಂಚಿನಲ್ಲೇ ಬರೆಯುತ್ತೇವೆ. ಒಂದೇ ಜಾಗ ಮತ್ತೆ ಮತ್ತೆ ಬಂದರೆ ಅಲ್ಲಿ ಬಾಣದ ಗುರುತು ನೆಡುವುದು. ಎಣಿಕೆಯಲ್ಲಿ ಒಂದು ಕಡಿಮೆ ಬಂದರೆ ಸಾಮಾನ್ಯವಾಗಿ ಅದು ವೆಜ್, ಯಾವುದೋ ಗ್ರೀನಿನ ಅಂಚಿನಲ್ಲಿ ಬಿದ್ದಿರುತ್ತದೆ. ಅತಿಥಿ ಕಾಫಿ ಕುಡಿಯುವಷ್ಟರಲ್ಲಿ ಮಾರ್ಷಲ್ ಬಗ್ಗಿಯಲ್ಲಿ ಹೋಗಿ ತಂದುಬಿಡುತ್ತಾನೆ.