ಉಗುರು ಕತ್ತರಿಸುವ ಮತ್ತು ಕಾಪಾಡಿಕೊಳ್ಳುವ ಕ್ರಮ

ನಾವು ಕತ್ತರಿಸುವ ಉಗುರು ಕೆರಾಟಿನ್ ಎಂಬ ಪ್ರೋಟೀನ್ ತುಂಬಿದ ನಿರ್ಜೀವ ಕೋಶಗಳ ಪದರವಾದ್ದರಿಂದ ಕತ್ತರಿಸಿದಾಗ ನೋವಾಗುವುದಿಲ್ಲ. ಅದರ ಬೇರು ಬುಡದ ಚರ್ಮದಡಿ ಅಡಗಿದೆ. ಹೆಬ್ಬೆರಳಿನಲ್ಲಿ ಅರ್ಧಚಂದ್ರಾಕಾರವಾಗಿ ಕಾಣುವ ಬಿಳಿಯ ಭಾಗವೇ ಆ ಬೇರಿನ ಮುಂದಿನ ಅಂಚು. ಅಲ್ಲಿ ಹುಟ್ಟುವ ಕೋಶಗಳು ಹಳೆಯವನ್ನು ಮುಂದಕ್ಕೆ ತಳ್ಳುವುದರಿಂದ ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲುಗುರು ಅದರ ಅರ್ಧದಷ್ಟು. ಆಷಾಢದಲ್ಲಿ ಹಚ್ಚಿಕೊಂಡ ಗೋರಂಟಿಯ ಬಣ್ಣ ಅಂಗೈಯಿಂದ ಬೇಗ ಮಾಸಿದರೂ ಉಗುರಿನಲ್ಲಿ ಉಳಿದು, ಬುಡದಲ್ಲಿ ಬಣ್ಣವಿಲ್ಲದ ಪಟ್ಟಿ ಬರಬರುತ್ತ ಅಗಲವಾಗುವುದನ್ನು ನೋಡಿದರೆ ಈ ಬೆಳವಣಿಗೆ ಕಣ್ಣಿಗೇ ಕಾಣುತ್ತದೆ.

ಸ್ನಾನವಾದ ಮೇಲೆ ಉಗುರು ಮೆತ್ತಗಾಗಿರುತ್ತದೆ. ಕತ್ತರಿಸಲು ಅದೇ ತಕ್ಕ ಹೊತ್ತು. ಕೈಯುಗುರನ್ನು ಬೆರಳ ತುದಿಯ ಆಕಾರಕ್ಕೆ ಸರಿಯಾಗಿ ತುಸು ದುಂಡಗೆ ಕತ್ತರಿಸಬಹುದು. ಕಾಲಿನ ಹೆಬ್ಬೆರಳಿಗೆ ಮಾತ್ರ ಈ ಕ್ರಮ ಸಲ್ಲದು. ಅದನ್ನು ನೇರವಾಗಿ ಅಡ್ಡಕ್ಕೆ ಕತ್ತರಿಸಿ, ಬಿಳಿಯ ಅಂಚನ್ನು ಸ್ವಲ್ಪ ಉಳಿಸಬೇಕು. ಮೂಲೆಗಳನ್ನು ಆಳಕ್ಕೆ ಕೊರೆದರೆ, ಬಿಗಿಯಾದ ಶೂ ಒತ್ತಿದಾಗ ಪಕ್ಕದ ಚರ್ಮ ಆ ಜಾಗಕ್ಕೆ ಸರಿದು, ಬೆಳೆಯುತ್ತಿರುವ ಉಗುರಿನ ಮೊನೆ ಅದರೊಳಕ್ಕೆ ಚುಚ್ಚಿ, ಬಾವು ಬಂದು ಕೀವು ಕಟ್ಟುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಇಂಥ ಗಾಯ ತಿಳಿಯುವುದೇ ಇಲ್ಲ. ಅವರ ಕಾಲುಗುರನ್ನು ಕಣ್ಣು ಚೆನ್ನಾಗಿ ಕಾಣುವ ಬೇರೊಬ್ಬರು ಕತ್ತರಿಸುವುದು ಕ್ಷೇಮ.

ಉಗುರಿನ ಬುಡಕ್ಕೆ ಅಂಟಿಕೊಂಡಿರುವ ತೆಳುವಾದ ಪೊರೆಯನ್ನು ಅಂದಕ್ಕಾಗಿ ಕತ್ತರಿಸಿ ತೆಗೆಸುವ ಅಭ್ಯಾಸವನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ನೀರು ಮತ್ತು ರೋಗಾಣುಗಳು ಬೇರಿನತ್ತ ಇಳಿಯದಂತೆ ತಡೆಯುವುದು ಆ ಪೊರೆಯೇ. ಅದು ಹರಿದರೆ ಉಗುರುಸುತ್ತು ಆಗುತ್ತದೆ. ದಿನವಿಡೀ ಪಾತ್ರೆ ತೊಳೆಯುವವರಿಗೂ ಗದ್ದೆಯ ಕೆಸರಿನಲ್ಲಿ ದುಡಿಯುವವರಿಗೂ ಇದರ ಕಾಟ ಹೆಚ್ಚು. ಕೆಲಸ ಮುಗಿದೊಡನೆ ಕೈ ಒರೆಸಿ, ಮಲಗುವ ಮುನ್ನ ಉಗುರಿನ ಬುಡಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಪೊರೆ ಒಣಗಿ ಬಿರಿಯುವುದಿಲ್ಲ. ಉಗುರುಸುತ್ತಾದಾಗ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುವ ರೂಢಿ ನಮ್ಮಲ್ಲಿದೆ. ಆದರೆ ಕೀವು ಕಟ್ಟಿ ಬೆರಳು ಮಿಡಿಯತೊಡಗಿದ ಮೇಲೆ ಅದನ್ನೇ ನೆಚ್ಚಿ ಕೂರದೆ ವೈದ್ಯರಿಗೆ ತೋರಿಸಿ.

ಉಗುರಿನ ಮೇಲಿನ ಸಣ್ಣ ಬಿಳಿ ಚುಕ್ಕೆಗಳನ್ನು ಕ್ಯಾಲ್ಸಿಯಂ ಕೊರತೆಯೆಂದು ಭಾವಿಸುವವರು ಬಹಳ. ಸಾಮಾನ್ಯವಾಗಿ ಅವು ಬೇರಿಗೆ ಹಿಂದೆಂದೋ ಬಿದ್ದ ಪೆಟ್ಟಿನ ಗುರುತುಗಳು; ಉಗುರು ಬೆಳೆದಂತೆ ಮುಂದೆ ಸರಿದು ಹೋಗುತ್ತವೆ. ಉಗುರು ಚಮಚದಂತೆ ಗುಳಿ ಬಿದ್ದರೆ ಕಬ್ಬಿಣಾಂಶದ ಕೊರತೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬೇಕು. ಕಪ್ಪು ಮೈಬಣ್ಣದವರ ಉಗುರುಗಳಲ್ಲಿ ಕಂದು ಗೆರೆಗಳು ಸಹಜವಾಗಿಯೂ ಇರುತ್ತವೆ. ಆದರೆ ಒಂದೇ ಬೆರಳಿನಲ್ಲಿ ಹೊಸದಾಗಿ ಮೂಡಿದ ಗೆರೆ ಅಗಲವಾಗುತ್ತಿದ್ದರೆ, ಅಥವಾ ಅದರ ಬಣ್ಣ ಪಕ್ಕದ ಚರ್ಮಕ್ಕೂ ಹಬ್ಬಿದ್ದರೆ, ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ತಡಮಾಡದೆ ಚರ್ಮತಜ್ಞರನ್ನು ಕಾಣಬೇಕು. ಹೋಗುವಾಗ ಎಲ್ಲ ಬೆರಳುಗಳ ನೇಲ್ ಪಾಲಿಶ್ ಅಳಿಸಿಕೊಂಡಿರಿ. ಉಳಿದ ಉಗುರುಗಳೊಂದಿಗೆ ಹೋಲಿಸಿ ನೋಡಲು ಅವರಿಗೆ ಅನುಕೂಲವಾಗುತ್ತದೆ.