ಹೇಳಿಕೊಟ್ಟಷ್ಟೇ ಆಡುವ ಪಾರ್ಟಿ: ಫೈನಲ್ ಫ್ಯಾಂಟಸಿ 12 ರೀಮಾಸ್ಟರ್ ಆಡುವ ಬಗೆ

‘ಫೈನಲ್ ಫ್ಯಾಂಟಸಿ 12: ದಿ ಝೋಡಿಯಾಕ್ ಏಜ್’ ಎಂಬ ವಿಡಿಯೊ ಗೇಮ್ ಬಗ್ಗೆ ಎರಡು ದೂರು ಮತ್ತೆ ಮತ್ತೆ ಕೇಳಿಬರುತ್ತವೆ. ‘ಆಟ ತಾನೇ ಆಡಿಕೊಳ್ಳುತ್ತದೆ, ನಮಗೇನು ಕೆಲಸ?’ ಎಂಬುದು ಒಂದು. ‘ವೇಗ ನಾಲ್ಕು ಪಟ್ಟು ಮಾಡಿದ್ದೇ ತಡ, ಇಡೀ ಪಾರ್ಟಿ (ನಮ್ಮ ಪಾತ್ರಗಳ ಗುಂಪು) ಸತ್ತುಬಿತ್ತು’ ಎಂಬುದು ಇನ್ನೊಂದು. ಎರಡಕ್ಕೂ ಬೇರು ಒಂದೇ: ಗ್ಯಾಂಬಿಟ್ (ಪಾತ್ರಗಳಿಗೆ ಮೊದಲೇ ಬರೆದಿಡುವ ಆಜ್ಞೆ) ಬರೆಯದೆ ಆಡಿದ್ದು. ಇದು ಬೆರಳಿನ ಚುರುಕಿನ ಆಟವಲ್ಲ. ಯಾರು ಯಾವಾಗ ಏನು ಮಾಡಬೇಕು ಎಂದು ಮೊದಲೇ ಹೇಳಿಟ್ಟು, ಆಮೇಲೆ ಕೂತು ನೋಡುವ ಆಟ. ಆ ಹೇಳಿಕೊಡುವ ಕೆಲಸ ಹಿಡಿಸಿದರೆ ಇಷ್ಟು ಚೆನ್ನಾಗಿ ವಯಸ್ಸಾದ ಜಪಾನೀ ಆಟ ಇನ್ನೊಂದು ಸಿಗುವುದು ಕಷ್ಟ. ಹಿಡಿಸದಿದ್ದರೆ ಹಣ ಉಳಿಸಿಕೊಳ್ಳಿ.

ಹಳೆಯ ಗೈಡ್ ನಂಬಬೇಡಿ

ಮೂಲ ಆಟ 2006ರಲ್ಲಿ ಪ್ಲೇಸ್ಟೇಷನ್ 2ಗೆ (ಪಿಎಸ್2) ಬಂತು. ಅದರಲ್ಲಿ ಎಲ್ಲ ಪಾತ್ರಗಳಿಗೂ ಒಂದೇ ಲೈಸನ್ಸ್ ಬೋರ್ಡ್ (ಯಾವ ಆಯುಧ, ಮಂತ್ರ ಬಳಸಬಹುದೆಂಬ ಪರವಾನಗಿಗಳ ಮನೆಗಳಿರುವ ಪಟ). ಕೊನೆಕೊನೆಗೆ ಆರೂ ಜನ ಒಂದೇ ಅಚ್ಚಿನ ಬೆಲ್ಲದಂತೆ ಆಗಿಬಿಡುತ್ತಿದ್ದರು. 2007ರಲ್ಲಿ ಜಪಾನಿಗೆ ಮಾತ್ರ ಬಂದ ಇನ್ನೊಂದು ಆವೃತ್ತಿ 12 ರಾಶಿಗಳ ಹೆಸರಿನಲ್ಲಿ 12 ಜಾಬ್‌ಗಳನ್ನು ತಂದಿತು, ಅಂದರೆ ತನ್ನದೇ ಬೋರ್ಡ್ ಇರುವ ವೃತ್ತಿಗಳನ್ನು, ಆದರೆ ಒಬ್ಬರಿಗೆ ಒಂದೇ ಜಾಬ್. 2017ರ ರೀಮಾಸ್ಟರ್, ಅಂದರೆ ‘ದಿ ಝೋಡಿಯಾಕ್ ಏಜ್’ ಎಂಬ ಪರಿಷ್ಕೃತ ಆವೃತ್ತಿ, ನಿಂತಿರುವುದು ಆ ಜಪಾನೀ ಆವೃತ್ತಿಯ ಮೇಲೆ. ಇಲ್ಲಿ ಒಬ್ಬರಿಗೆ ಎರಡು ಜಾಬ್. ಪಿಎಸ್4 ಆದ ಮೇಲೆ 2018ರಲ್ಲಿ ಪಿಸಿಗೆ, 2019ರಲ್ಲಿ ಸ್ವಿಚ್ ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ ಬಂತು.

ಇದನ್ನು ತಿಳಿದಿರಬೇಕಾದ ಕಾರಣವಿದೆ. ನೆಟ್‌ನಲ್ಲಿ ಸಿಗುವ ಅರ್ಧಕ್ಕರ್ಧ ಸಲಹೆ 2006ರ ಆಟದ್ದು. ‘ಆ ನಾಲ್ಕು ಪೆಟ್ಟಿಗೆ ಮುಟ್ಟಬೇಡಿ, ಮುಟ್ಟಿದರೆ ಝೋಡಿಯಾಕ್ ಸ್ಪಿಯರ್ ಎಂಬ ಈಟಿ ಕೈತಪ್ಪುತ್ತದೆ’ ಎಂಬ ಪ್ರಸಿದ್ಧ ಎಚ್ಚರಿಕೆ ಇಲ್ಲಿ ನಡೆಯುವುದಿಲ್ಲ. ಕಂಡ ಪೆಟ್ಟಿಗೆ ಧಾರಾಳವಾಗಿ ತೆಗೆಯಿರಿ. ಪೆಟ್ಟು 9999ಕ್ಕೆ ನಿಲ್ಲುತ್ತದೆ ಎಂಬುದೂ ಹಳೆಯ ಮಾತು, ಆ ಮಿತಿ ಈಗಿಲ್ಲ.

ಶುರುವಿಗೆ ಮುಂಚೆ

ಪಿಸಿಯಲ್ಲಿ 50 ಜಿಬಿ ಜಾಗ ಖಾಲಿ ಇಡಿ. 100 ಎಂಬಿಪಿಎಸ್ ಫೈಬರ್ ಇದ್ದು ಪೂರ್ತಿ ವೇಗ ಸಿಕ್ಕರೂ ಅಷ್ಟನ್ನು ಇಳಿಸಲು ಒಂದು ತಾಸಿನ ಮೇಲೆ ಬೇಕು. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನ ಹಾಟ್‌ಸ್ಪಾಟ್ ನೆಚ್ಚಿಕೊಂಡರೆ 25 ದಿನ. ಆ ಲೆಕ್ಕಕ್ಕಿಂತ ಫೈಬರ್ ಇರುವ ಗೆಳೆಯರ ಮನೆಗೆ ಲ್ಯಾಪ್‌ಟಾಪ್ ಒಯ್ಯುವುದು ಮೇಲು. ಮಳೆಗಾಲದ ಸಂಜೆ ಕರೆಂಟ್ ಹೋಗುವ ಓಣಿಯಾದರೆ ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ. ಒಂದು ಪ್ರದೇಶದಿಂದ ಇನ್ನೊಂದಕ್ಕೆ ದಾಟುವಾಗ ಆಟ ತಾನೇ ಸೇವ್ ಮಾಡಿಕೊಳ್ಳುತ್ತದೆ ನಿಜ, ಆದರೆ ಬಾಸ್ (ದೊಡ್ಡ ಶತ್ರು) ಜೊತೆಗಿನ ಹೊಡೆದಾಟದ ನಡುವೆ ಕರೆಂಟ್ ಹೋದರೆ ಆ ಶ್ರಮವೆಲ್ಲ ನೀರಿಗೆ.

ಸೆಟ್ಟಿಂಗ್‌ನಲ್ಲಿ ಮೊದಲು ನೋಡಬೇಕಾದ್ದು ಆಕ್ಟಿವ್ ಮತ್ತು ವೇಟ್. ವೇಟ್ ಇಟ್ಟರೆ ನೀವು ಮೆನುವಿನಲ್ಲಿ ಮಂತ್ರ ಹುಡುಕುವಾಗ ಸಮಯ ನಿಂತಿರುತ್ತದೆ. ಹೊಸಬರಿಗೆ ವೇಟ್ ಸಾಕು, ಅದರಲ್ಲಿ ನಾಚಿಕೆ ಏನಿಲ್ಲ. ಸಂಗೀತವನ್ನು ಹೊಸದಾಗಿ ಆರ್ಕೆಸ್ಟ್ರಾದಲ್ಲಿ ನುಡಿಸಿದ್ದು ಬೇಕೋ ಹಳೆಯದು ಬೇಕೋ ಆರಿಸಿಕೊಳ್ಳಬಹುದು. ಹೊಸದೇ ಚೆಂದ. ಧ್ವನಿಗೆ ಜಪಾನೀಸ್, ಇಂಗ್ಲಿಷ್ ಎರಡೂ ಇವೆ. ಇಂಗ್ಲಿಷ್ ಸಂಭಾಷಣೆ ಹಳೆಗಾಲದ ರಾಜಮರ್ಯಾದೆಯ ಧಾಟಿಯಲ್ಲಿದೆ, ಆರ್ಕೇಡಿಯಾ ಸಾಮ್ರಾಜ್ಯದವರು ಬ್ರಿಟಿಷ್ ಉಚ್ಚಾರದಲ್ಲಿ ಮಾತಾಡುತ್ತಾರೆ. ಸಬ್‌ಟೈಟಲ್ ಆಫ್ ಮಾಡಬೇಡಿ.

ಲೈಸನ್ಸ್ ಸಿಕ್ಕರೆ ಮಂತ್ರ ಸಿಕ್ಕಂತಲ್ಲ

ಹೊಸಬರೆಲ್ಲ ಎಡವುವ ಮೊದಲ ಕಲ್ಲು ಇದು. ಬೋರ್ಡಿನ ಮೇಲೆ ಎಲ್‌ಪಿ (ಲೈಸನ್ಸ್ ಅಂಕ) ಖರ್ಚು ಮಾಡಿ ಗುಣಪಡಿಸುವ ಮಂತ್ರ ‘ಕ್ಯೂರ್’ನ ಮನೆ ತೆಗೆದರೆ ನಿಮಗೆ ಸಿಗುವುದು ಬಳಸುವ ಪರವಾನಗಿ ಮಾತ್ರ. ಮಂತ್ರವನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ಕತ್ತಿ, ಕವಚಕ್ಕೂ ಅದೇ ನಿಯಮ. ಡ್ರೈವಿಂಗ್ ಲೈಸನ್ಸ್ ಬಂದ ಮಾತ್ರಕ್ಕೆ ಮನೆ ಮುಂದೆ ಬೈಕ್ ಬಂದು ನಿಲ್ಲುವುದಿಲ್ಲವಲ್ಲ. ಉಲ್ಟಾ ತಪ್ಪೂ ಆಗುತ್ತದೆ: ದುಬಾರಿ ಕತ್ತಿ ಕೊಂಡು, ಅದರ ಪರವಾನಗಿ ಯಾರ ಬೋರ್ಡಿನಲ್ಲೂ ಇಲ್ಲ ಎಂದು ಆಮೇಲೆ ಗೊತ್ತಾಗುವುದು. ಅಂಗಡಿಯಲ್ಲಿ ನಿಂತಾಗ ಯಾರು ತೊಡಬಲ್ಲರು ಎಂಬುದನ್ನು ನೋಡಿಯೇ ದುಡ್ಡು ಬಿಚ್ಚಿ.

ಆ ದುಡ್ಡು ಬರುವುದು ಹೆಚ್ಚಾಗಿ ಪ್ರಾಣಿಗಳು ಬಿಟ್ಟುಹೋಗುವ ಮಾಲು ಮಾರಿ. ಒಂದೇ ಜಾತಿಯ ಪ್ರಾಣಿಯನ್ನು ಸಾಲಾಗಿ ಹೊಡೆಯುತ್ತ ಹೋದರೆ ಚೈನ್ ಬೆಳೆಯುತ್ತದೆ, ಒಳ್ಳೆಯ ಮಾಲು ಬೀಳುತ್ತದೆ. ನಡುವೆ ಬೇರೆ ಜಾತಿಯದನ್ನು ಕೊಂದರೆ ಚೈನ್ ಕಡಿಯಿತು. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಹೊಡೆಯುವವರ ಕೈಯಲ್ಲಿ ದುಡ್ಡು ನಿಲ್ಲದಿರುವುದು ಇದಕ್ಕೇ.

ಗ್ಯಾಂಬಿಟ್ ಎಂದರೆ ಖಾನಾವಳಿ ಮಾಲೀಕರ ಮಾತು

ಹುಬ್ಬಳ್ಳಿಯ ಯಾವುದಾದರೂ ಖಾನಾವಳಿಯಲ್ಲಿ ಹೊಸ ಹುಡುಗನಿಗೆ ಬಡಿಸಲು ಹೇಳಿಕೊಡುವುದನ್ನು ನೆನೆಸಿಕೊಳ್ಳಿ. ‘ರೊಟ್ಟಿ ಮುಗಿದಿದ್ರ ಮೊದ್ಲ ರೊಟ್ಟಿ ಹಾಕು. ಎಲ್ಲಾರ ತಾಟಿನ್ಯಾಗೂ ರೊಟ್ಟಿ ಇದ್ರ ಪಲ್ಯ ಕೇಳು. ಯಾರಿಗೂ ಏನೂ ಬ್ಯಾಡಂದ್ರ ಖಾಲಿ ತಾಟು ಎತ್ತು.’ ಗ್ಯಾಂಬಿಟ್ ಇಷ್ಟೇ. ಪ್ರತಿ ಸಾಲಿನಲ್ಲಿ ಒಂದು ಷರತ್ತು, ಒಂದು ಕೆಲಸ. ಪಾತ್ರ ಮೇಲಿನಿಂದ ಕೆಳಗೆ ಓದಿಕೊಂಡು ಬರುತ್ತದೆ, ಮೊದಲು ಹೊಂದಿದ ಸಾಲನ್ನು ಮಾಡುತ್ತದೆ. ತಾಟು ಎತ್ತುವ ಸಾಲನ್ನು ಮೇಲಿಟ್ಟರೆ ಹುಡುಗ ಬರೀ ತಾಟು ಎತ್ತುತ್ತಲೇ ಇರುತ್ತಾನೆ, ಊಟಕ್ಕೆ ಕೂತವರು ರೊಟ್ಟಿ ರೊಟ್ಟಿ ಎನ್ನುತ್ತಿರುತ್ತಾರೆ. ‘ನಮ್ಮ ಹೀಲರ್ (ಗುಣಪಡಿಸುವವರು) ಹೀಲ್ ಮಾಡುವುದೇ ಇಲ್ಲ’ ಎನ್ನುವವರ ಪಟ್ಟಿ ತೆರೆದು ನೋಡಿದರೆ ಹತ್ತರಲ್ಲಿ ಒಂಬತ್ತು ಸಲ ‘ಅಟ್ಯಾಕ್’ ಮೇಲಿರುತ್ತದೆ.

ಷರತ್ತುಗಳನ್ನು ರಬನಾಸ್ಟರ್ ನಗರದ ಗ್ಯಾಂಬಿಟ್ ಅಂಗಡಿಯಲ್ಲಿ ಕೊಳ್ಳಬೇಕು, ಸಾಲುಗಳ ಸಂಖ್ಯೆಯನ್ನು ಲೈಸನ್ಸ್ ಬೋರ್ಡಿನಲ್ಲಿ ಹೆಚ್ಚಿಸಿಕೊಳ್ಳಬೇಕು. ಶುರುವಿನಲ್ಲಿ ಎಲ್‌ಪಿಯನ್ನು ಹೊಸ ಕತ್ತಿಗಿಂತ ಈ ಸಾಲುಗಳಿಗೆ ಸುರಿಯುವುದೇ ಜಾಣತನ.

ಹೀಲರ್‌ಗೆ, ಮೇಲಿನಿಂದ ಕೆಳಗೆ (ಆಲೈ ಎಂದರೆ ನಮ್ಮವರು, ಫೋ ಎಂದರೆ ಶತ್ರು, ಎನಿ ಎಂದರೆ ಯಾರಾದರೂ, ಎಚ್‌ಪಿ ಎಂದರೆ ಜೀವ; ಫೀನಿಕ್ಸ್ ಡೌನ್ ಬಿದ್ದವರನ್ನು ಎಬ್ಬಿಸುತ್ತದೆ, ಎಸುನಾ ವಿಷದಂಥ ತೊಂದರೆ ಕಳೆಯುತ್ತದೆ, ಪ್ರೊಟೆಕ್ಟ್ ಪೆಟ್ಟು ತಗ್ಗಿಸುತ್ತದೆ):

1. ಆಲೈ: ಎನಿ — ಫೀನಿಕ್ಸ್ ಡೌನ್
2. ಆಲೈ: ಎಚ್‌ಪಿ < 50% — ಕ್ಯೂರ್
3. ಆಲೈ: ಎನಿ — ಎಸುನಾ
4. ಆಲೈ: ಎನಿ — ಪ್ರೊಟೆಕ್ಟ್
5. ಫೋ: ಪಾರ್ಟಿ ಲೀಡರ್ಸ್ ಟಾರ್ಗೆಟ್ — ಅಟ್ಯಾಕ್

ಫೀನಿಕ್ಸ್ ಡೌನ್‌ಗೆ ‘ಎನಿ’ ಎಂದು ಬರೆದರೆ ಬದುಕಿದವರ ಮೇಲೆ ಎರಚಿ ದಂಡ ಮಾಡುತ್ತಾರೇನೋ ಎಂಬ ಭಯ ಬೇಡ. ಬಿದ್ದವರು ಇದ್ದಾಗ ಮಾತ್ರ ಆ ಸಾಲು ಹೊಂದುತ್ತದೆ. ಎಸುನಾ, ಪ್ರೊಟೆಕ್ಟ್ ಕೂಡ ಹಾಗೆಯೇ, ಅಗತ್ಯವಿಲ್ಲದಾಗ ದಾಟಿಹೋಗುತ್ತವೆ. ಕ್ಯೂರ್‌ಗೆ 50% ಏಕೆಂದರೆ 70% ಇಟ್ಟರೆ ಚಿಕ್ಕಪುಟ್ಟ ಗೀರಿಗೂ ಎಂಪಿ (ಮಂತ್ರ ಹಾಕಲು ಬೇಕಾದ ಶಕ್ತಿ) ಖರ್ಚಾಗಿ, ಬಾಸ್ ಎದುರಿಗೆ ಬರುವಷ್ಟರಲ್ಲಿ ಹೀಲರ್ ಬರಿಗೈ. ಒಂದೇ ಏಟಿಗೆ ಅರ್ಧ ಜೀವ ತಿನ್ನುವ ಬಾಸ್ ಆದರೆ ಆ ಹೊಡೆದಾಟಕ್ಕೆ ಮಾತ್ರ 70%ಗೆ ಏರಿಸಿ. ಎಂಪಿ ನಡೆದಾಡಿದರೂ ಮರಳಿ ತುಂಬುತ್ತದೆ. ಅಪಾಯವಿಲ್ಲದ ಜಾಗದಲ್ಲಿ ನಾಲ್ಕು ಪಟ್ಟು ವೇಗ ಹಾಕಿ ಹಿಂದೆ ಮುಂದೆ ಓಡಾಡಿದರೆ ಸಾಕು, ಎಂಪಿ ತುಂಬುವ ಈಥರ್ ಸುಡಬೇಕಾಗಿಲ್ಲ.

ಹೊಡೆಯುವವರೆಲ್ಲರಿಗೂ ಕೊನೆಯ ಸಾಲು ‘ಲೀಡರ್ ಹೊಡೆಯುವವನನ್ನೇ ಹೊಡೆ’ ಎಂದಿರಲಿ. ಲೀಡರ್ ಒಬ್ಬರಿಗೆ ‘ಫೋ: ನಿಯರೆಸ್ಟ್’. ಒಮ್ಮೆಗೆ ಹೊಡೆದಾಡುವ ಮೂವರೂ ತಮಗೆ ಹತ್ತಿರವಾದದ್ದನ್ನು ಹೊಡೆಯುತ್ತಿದ್ದರೆ ಮೂರು ಪ್ರಾಣಿ ಅರ್ಧಂಬರ್ಧ ಜೀವದಲ್ಲಿ ನಿಂತು ನಿಮ್ಮನ್ನು ಕಚ್ಚುತ್ತಿರುತ್ತವೆ.

ಕದಿಯಲು ‘ಫೋ: ಎಚ್‌ಪಿ = 100% — ಸ್ಟೀಲ್’ ಸಾಲನ್ನು ಲೀಡರ್‌ನ ಅಟ್ಯಾಕ್‌ಗಿಂತ ಮೇಲಿಡಿ. ಮೊದಲು ಒಂದು ಕೈ ಹಾಕುತ್ತಾನೆ, ಜೊತೆಯವರ ಏಟಿಗೆ ಶತ್ರುವಿನ ಜೀವ ಇಳಿದ ಕೂಡಲೇ ತಾನೂ ಹೊಡೆತಕ್ಕೆ ಇಳಿಯುತ್ತಾನೆ. ಇದೇ ಸಾಲನ್ನು ಲೀಡರ್ ಬಿಟ್ಟು ಬೇರೆಯವರಿಗೆ ಕೊಟ್ಟರೆ ಅವರು ಹತ್ತಿರ ಹೋಗುವಷ್ಟರಲ್ಲಿ 100% ಉಳಿದಿರುವುದಿಲ್ಲ.

ಮಂತ್ರವಾದಿಗೆ ‘ಫೋ: ಎನಿ — ಫೈರ್’ ಎಂದು ಬರೆಯಲೇಬೇಡಿ. ಬಾಂಬ್ ಜಾತಿಯ ಶತ್ರುಗಳು ಬೆಂಕಿಯನ್ನು ಹೀರಿಕೊಂಡು ಗುಣವಾಗುತ್ತವೆ. ನೀವು ಸುಡುತ್ತಿದ್ದೇನೆ ಎಂದುಕೊಂಡಿರುತ್ತೀರಿ, ಅದು ಉಂಡು ತೇಗುತ್ತಿರುತ್ತದೆ. ‘ಫೈರ್-ವೀಕ್’ ಷರತ್ತು ಕೊಂಡು ಅದಕ್ಕೆ ಕಟ್ಟಿ. ಸತ್ತು ಎದ್ದ ಶವಗಳಿಗೆ ‘ಫೋ: ಅನ್‌ಡೆಡ್ — ಕ್ಯೂರ್’ ಬರೆದರೆ ಅದೇ ಅವುಗಳಿಗೆ ಪೆಟ್ಟು. ಹಾರುವ ಶತ್ರುವಿಗೆ ಕತ್ತಿ ತಾಗುವುದಿಲ್ಲ, ಆದ್ದರಿಂದ ಮೂವರಲ್ಲಿ ಒಬ್ಬರ ಕೈಯಲ್ಲಾದರೂ ಬಿಲ್ಲೋ ಬಂದೂಕೋ ಇರಲಿ.

ನಾಲ್ಕು ಪಟ್ಟು ವೇಗ ಎಲ್ಲಿ, ಎಲ್ಲಿ ಬೇಡ

ಈ ರೀಮಾಸ್ಟರ್‌ನ ದೊಡ್ಡ ಉಪಕಾರವೇ ವೇಗದ ಗುಂಡಿ. ಎರಡು ಪಟ್ಟು, ನಾಲ್ಕು ಪಟ್ಟು ಎರಡೂ ಉಂಟು. ಕೈಯಲ್ಲಿ ಹಿಡಿಯುವ ಸ್ವಿಚ್ ಇದ್ದರೆ ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತಿ ಧಾರವಾಡದಲ್ಲಿ ಇಳಿಯುವಷ್ಟರಲ್ಲಿ ಒಂದು ಮರುಭೂಮಿ ದಾಟಿ, ಒಂದು ಸಣ್ಣ ಹಂಟ್ (ಗೊತ್ತುಪಡಿಸಿದ ಪ್ರಾಣಿಯ ಬೇಟೆ) ಮುಗಿಸಬಹುದು, ಸೀಟು ಸಿಕ್ಕರೆ. 2006ರಲ್ಲಿ ಈ ಮರಳುಗಾಡುಗಳ ಕಾಲ್ನಡಿಗೆಯೇ ಜನರನ್ನು ಓಡಿಸಿದ್ದು.

ಆದರೆ ನಾಲ್ಕು ಪಟ್ಟಿನಲ್ಲಿ ಶತ್ರುವಿನ 10 ಸೆಕೆಂಡು ನಿಮಗೆ ಎರಡೂವರೆ ಸೆಕೆಂಡು. ನೆಲದಲ್ಲಿ ಹುದುಗಿದ ಟ್ರ್ಯಾಪ್‌ಗಳು ಲಿಬ್ರಾ (ಅಡಗಿದ್ದನ್ನು ತೋರಿಸುವ ವಿದ್ಯೆ) ಇಲ್ಲದೆ ಕಾಣುವುದೇ ಇಲ್ಲ, ಇದ್ದರೂ ಈ ಓಟದಲ್ಲಿ ತುಳಿದುಬಿಡುತ್ತೀರಿ. ನೆಲ ಬಿಟ್ಟು ತೇಲಿಸುವ ಫ್ಲೋಟ್ ಮಂತ್ರ ಸಿಕ್ಕ ಮೇಲೆ ಆ ಚಿಂತೆ ಇಲ್ಲ. ಗಾಳಿಯಲ್ಲಿ ತೇಲುವ ಎಲಿಮೆಂಟಲ್ ಎಂಬ ಶತ್ರು ಕಂಡರೆ ಮಾಮೂಲಿ ವೇಗಕ್ಕೆ ಬನ್ನಿ, ಗ್ಯಾಂಬಿಟ್ ಆಫ್ ಮಾಡಿ, ದೂರದಿಂದ ಸುತ್ತಿ ಹೋಗಿ. ಅದು ತನ್ನ ಪಾಡಿಗೆ ಇರುತ್ತದೆ, ಆದರೆ ಹತ್ತಿರದಲ್ಲಿ ಯಾರಾದರೂ ಮಂತ್ರ ಹಾಕಿದರೆ ಎರಗುತ್ತದೆ. ನಿಮ್ಮ ಹೀಲರ್ ಒಬ್ಬರಿಗೆ ಕ್ಯೂರ್ ಹಾಕಿದ್ದೂ ಮಂತ್ರವೇ. ಶುರುವಿನ ಎಸ್ಟರ್‌ಸ್ಯಾಂಡ್ ಮರಳುಗಾಡಿನಲ್ಲಿ ಅಡ್ಡಾಡುವ ದೊಡ್ಡ ಹಲ್ಲಿಯಂಥ ಪ್ರಾಣಿಗೂ ದೂರದಿಂದಲೇ ನಮಸ್ಕಾರ.

ರೈತ್‌ವಾಲ್‌ನ ಸಮಾಧಿಯೊಳಗೆ ಗೋಡೆಯೇ ಶತ್ರುವಾಗಿ ನಿಮ್ಮತ್ತ ಸರಿದು ಬರುತ್ತದೆ, ಒಂದಲ್ಲ, ಎರಡು. ಅಲ್ಲಿ ವೇಗದ ಗುಂಡಿ ಮುಟ್ಟಬೇಡಿ. ಮೊದಲನೆಯದನ್ನು ಸೋಲಿಸಲೇಬೇಕೆಂಬ ನಿಯಮವಿಲ್ಲ, ಓಡುವ ಗುಂಡಿ ಒತ್ತಿ ಹಿಡಿದು ಹಿಂದಿನ ಬಾಗಿಲು ದಾಟಿ. ಒತ್ತಿ ಹಿಡಿದಿರುವಷ್ಟೂ ಹೊತ್ತು ಪಾರ್ಟಿ ಹೊಡೆಯುವುದು ಬಿಟ್ಟು ಓಡುತ್ತದೆ. ಎರಡನೆಯದನ್ನು ಮಾತ್ರ ಹೊಡೆಯದೆ ಗತಿಯಿಲ್ಲ.

12 ಜಾಬ್, ಆರು ಮಂದಿ

ಅದೇ ಸಮಾಧಿಯ ಕೊನೆಯಲ್ಲಿ ಬೆಲಿಯಾಸ್ ಎಂಬ ಎಸ್ಪರ್ (ಕರೆದರೆ ಬಂದು ಹೊಡೆದಾಡುವ ದೈತ್ಯ) ಸಿಕ್ಕ ಮೇಲೆ ಎರಡನೆಯ ಜಾಬ್ ತೆರೆಯುತ್ತದೆ. ಆರು ಮಂದಿಗೆ ಎರಡೆರಡು ಎಂದರೆ 12, ಒಂದೂ ಮಿಗುವುದಿಲ್ಲ. ಜೋಡಿ ಕಟ್ಟುವ ಸೂತ್ರ ಕವಚದಲ್ಲಿದೆ: ಹೆವಿ ಕವಚ ಬಲ ಕೊಡುತ್ತದೆ, ಲೈಟ್ ಕವಚ ಎಚ್‌ಪಿ ಕೊಡುತ್ತದೆ, ಮಿಸ್ಟಿಕ್ ಕವಚ ಮಂತ್ರಶಕ್ತಿ ಕೊಡುತ್ತದೆ. ಒಂದು ಜಾಬ್‌ನ ಕೊರತೆಯನ್ನು ಇನ್ನೊಂದು ತುಂಬಬೇಕು.

ವೈಟ್ ಮೇಜ್ ಜೊತೆ ಮೆಷಿನಿಸ್ಟ್. ಬಂದೂಕಿನ ಪೆಟ್ಟಿಗೆ ಹೊಡೆಯುವವರ ಬಲ ಲೆಕ್ಕಕ್ಕಿಲ್ಲ, ಶತ್ರುವಿನ ಕವಚವೂ ಲೆಕ್ಕಕ್ಕಿಲ್ಲ. ಹೀಗಾಗಿ ಹೀಲರ್ ಮಿಸ್ಟಿಕ್ ಕವಚದಲ್ಲೇ ಇದ್ದು ದೂರದಿಂದ ಗುಂಡು ಹಾರಿಸುತ್ತಾರೆ. ಆರರಲ್ಲಿ ಇದೇ ಅತ್ಯಂತ ಸಲೀಸಾದ ಜೋಡಿ. ಬುಷಿ ಜೊತೆ ನೈಟ್: ಕಟಾನಾ ಎಂಬ ಜಪಾನೀ ಕತ್ತಿಗೆ ಬಲ, ಮಂತ್ರಶಕ್ತಿ ಎರಡೂ ಬೇಕು, ಬುಷಿಗೆ ಇಲ್ಲದ ಹೆವಿ ಕವಚ ನೈಟ್‌ನಿಂದ ಬರುತ್ತದೆ. ಶಿಕಾರಿ ಜೊತೆ ಫೋಬ್ರೇಕರ್, ಕಾರಣ ಅದೇ. (ಶಿಕಾರಿ ನಮ್ಮದೇ ಶಬ್ದ, ಜಪಾನಿನವರು ಇಟ್ಟದ್ದು ನೋಡಿ ಖುಷಿಪಡಬಹುದು.) ಬ್ಲ್ಯಾಕ್ ಮೇಜ್ ಬೇಗ ಬೀಳುತ್ತಾರೆ, ಮಾಂಕ್‌ನ ಎಚ್‌ಪಿ ಅವರನ್ನು ನಿಲ್ಲಿಸುತ್ತದೆ. ಊಲನ್ ಜೊತೆ ಟೈಮ್ ಬ್ಯಾಟಲ್‌ಮೇಜ್, ರೆಡ್ ಬ್ಯಾಟಲ್‌ಮೇಜ್ ಜೊತೆ ಆರ್ಚರ್. ಯಾವ ಜೋಡಿ ಯಾರಿಗೆ ಎಂಬುದರ ಬಗ್ಗೆ ದಿನಗಟ್ಟಲೆ ವಾದ ಮಾಡುವವರಿದ್ದಾರೆ. ಕಥೆ ಮುಗಿಸಲು ಅಷ್ಟು ಕೂದಲು ಸೀಳಬೇಕಾಗಿಲ್ಲ.

ತಪ್ಪಾಯಿತು ಅನಿಸಿದರೆ ರಬನಾಸ್ಟರ್‌ನ ಕ್ಲ್ಯಾನ್ ಹಾಲ್‌ನಲ್ಲಿ ಮಾಂಟ್‌ಬ್ಲಾಂಕ್ ಬಳಿ ಹೋಗಿ. ಜಾಬ್ ಅಳಿಸಿ ಎಲ್‌ಪಿ ಪೂರ್ತಿ ಮರಳಿ ಕೊಡುತ್ತಾನೆ. 2019ರ ಸ್ವಿಚ್, ಎಕ್ಸ್‌ಬಾಕ್ಸ್ ಆವೃತ್ತಿಗಳೊಂದಿಗೆ ಬಂದ ಈ ಸೌಲಭ್ಯ ಆಮೇಲೆ ಪಿಎಸ್4, ಪಿಸಿಗೂ ಅಪ್‌ಡೇಟ್ ಆಗಿ ಬಂತು. ‘ಆರಿಸಿದರೆ ಮುಗಿಯಿತು, ಬದಲಿಸಲಾಗದು’ ಎಂದು ಹೇಳುವ ಗೈಡ್ ಅದಕ್ಕೂ ಹಿಂದಿನದು. ಎಸ್ಪರ್‌ಗಳ ವಿಷಯದಲ್ಲಿ ಮಾತ್ರ ಸ್ವಲ್ಪ ತಡೆದು ಯೋಚಿಸಿ: ಒಂದು ಎಸ್ಪರ್ ಒಬ್ಬರಿಗೇ, ಮತ್ತು ಕೆಲವು ಬೋರ್ಡ್‌ಗಳಲ್ಲಿ ಅದರ ಹಿಂದೆ ಹೆಚ್ಚಿನ ಲೈಸನ್ಸ್ ಮನೆಗಳು ಅಡಗಿವೆ. ಮೊದಲು ಕಂಡವರಿಗೆ ಕೊಟ್ಟುಬಿಡಬೇಡಿ, ಆರೂ ಮಂದಿಯ ಬೋರ್ಡ್ ತಿರುವಿ ನೋಡಿ.

ಇನ್ನೊಂದು ಮಾತು. ಅನುಭವ ಅಂಕ ಹೊಡೆದಾಟದಲ್ಲಿರುವ ಮೂವರಿಗೆ ಮಾತ್ರ. ಇಷ್ಟದ ಮೂವರನ್ನೇ ಕಟ್ಟಿಕೊಂಡು ಹೋದರೆ ಅವರು ಬಿದ್ದ ದಿನ ಒಳಗೆ ಬರುವವರು 10 ಲೆವೆಲ್ ಹಿಂದಿರುತ್ತಾರೆ. ಹೊಡೆದಾಟದ ನಡುವೆಯೂ ಪಾತ್ರ ಬದಲಿಸಬಹುದು, ಶತ್ರು ಗುರಿಯಿಟ್ಟವರನ್ನು ಮಾತ್ರ ಹೊರಗೆ ಕಳಿಸಲಾಗದು.

ಕಥೆಯ ಬಗ್ಗೆ ಮುಚ್ಚುಮರೆ ಬೇಡ: ಮೊದಲ ಎರಡು ಮೂರು ತಾಸು ನಿಧಾನ, ನಡುವೆ ಒಂದೆಡೆ ಸಡಿಲ, ನಾಯಕ ವಾನ್ ತನ್ನದೇ ಕಥೆಯಲ್ಲಿ ನೆಂಟನಂತೆ ಓಡಾಡುತ್ತಾನೆ. ಬಜಾರ್‌ನಲ್ಲಿ ಯಾವ ಮಾಲು ಮಾರಿದರೆ ಯಾವ ವಸ್ತು ಬರುತ್ತದೆ ಎಂಬುದನ್ನು ಆಟ ಹೇಳುವುದೇ ಇಲ್ಲ, ರೀಮಾಸ್ಟರ್ ಮಾಡಿದವರು ಅದನ್ನೂ ಸರಿಪಡಿಸಬಹುದಿತ್ತು. ಬೇಸರ ಬಂದಾಗ ಕಥೆ ಬಿಟ್ಟು ಹಂಟ್ ಹಿಡಿಯಿರಿ. ಬರೆದ ಗ್ಯಾಂಬಿಟ್ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಒರೆಗೆ ಹಚ್ಚಬೇಕಾದರೆ ಮುಖ್ಯ ಮೆನುವಿನಲ್ಲಿ ಟ್ರಯಲ್ ಮೋಡ್ ಇದೆ: ನಿಮ್ಮ ಸೇವ್‌ನ ಪಾರ್ಟಿಯನ್ನೇ ಇಳಿಸಿ 100 ಸುತ್ತು. ಎಲ್ಲಿ ಸೋತಿರೋ ಆ ಸುತ್ತಿನಲ್ಲಿ ಮೊದಲು ಬಿದ್ದವರು ಯಾರು ಎಂದು ನೋಡಿಕೊಂಡು, ಹೀಲರ್‌ನ ಪಟ್ಟಿಯ ಎರಡನೆಯ ಸಾಲಿನಿಂದ ತಿದ್ದಲು ಶುರುಮಾಡಿ.